ವೈ-ಫೈ ಹಾರ್ಡ್ ಡಿಸ್ಕ್: ಮನೆಯ ಜಾಲಕ್ಕೆ ಸೇರಿಸುವ ಮುನ್ನ

ತಂತಿರಹಿತ ಹಾರ್ಡ್ ಡಿಸ್ಕ್ ತನ್ನದೇ ಆದ ವೈ-ಫೈ ಜಾಲವನ್ನು ನಿರ್ಮಿಸಿಕೊಳ್ಳುತ್ತದೆ. ಮೊಬೈಲನ್ನು ಮೊದಲು ಅದಕ್ಕೆ ಜೋಡಿಸಬೇಕು. ತಯಾರಕರ ಆಪ್ ಅಥವಾ ಬ್ರೌಸರ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಮನೆಯ ರೂಟರಿನ ಹೆಸರನ್ನು ಆರಿಸಿ ಪಾಸ್‌ವರ್ಡ್ ನೀಡಿದರೆ ಡಿಸ್ಕ್ ಮನೆಯ ಜಾಲಕ್ಕೆ ಸೇರುತ್ತದೆ. ಬಳಿಕ ಮೊಬೈಲನ್ನೂ ಮನೆಯ ವೈ-ಫೈಗೆ ಮರಳಿಸಿದರಾಯಿತು. ಕಡತಗಳು ಮನೆಮಂದಿಗೆಲ್ಲ ಲಭ್ಯ.

ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಕೆಲವು ಡಿಸ್ಕ್‌ಗಳ ಸ್ವಂತ ವೈ-ಫೈಗೆ ಆರಂಭದಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ಆ ಬಾಗಿಲು ತೆರೆದೇ ಉಳಿದರೆ ನೆರೆಯವರೂ ಒಳಬರಬಹುದು. 2015ರಲ್ಲಿ ಸೀಗೇಟ್ ಸಂಸ್ಥೆಯ ಕೆಲವು ವೈರ್‌ಲೆಸ್ ಡಿಸ್ಕ್‌ಗಳಲ್ಲಿ ಗುಪ್ತ ಟೆಲ್‌ನೆಟ್ ದ್ವಾರವೊಂದು ಪತ್ತೆಯಾಗಿತ್ತು. ಬಳಕೆದಾರನ ಹೆಸರೂ ಪಾಸ್‌ವರ್ಡೂ ‘ರೂಟ್’ ಎಂಬ ಒಂದೇ ಪದ! ಫರ್ಮ್‌ವೇರ್ ನವೀಕರಣದಿಂದ ಅದನ್ನು ಮುಚ್ಚಲಾಯಿತು. ಆದ್ದರಿಂದ ಹೊಸ ಪಾಸ್‌ವರ್ಡ್ ಇರಿಸಿ, ಫರ್ಮ್‌ವೇರ್ ನವೀಕರಿಸಿದ ಬಳಿಕವೇ ಕುಟುಂಬದ ಚಿತ್ರಗಳನ್ನು ಅದಕ್ಕೆ ಒಪ್ಪಿಸುವುದು ಕ್ಷೇಮ.