ಹಾಲು ಕರೆಯುವ ಯಂತ್ರಕ್ಕೆ ಮೋಟಾರೋ, ಇಂಜಿನ್ನೋ?

ಸಂಘದ ಸಭೆಗಳಿಗೆ ಹೋದಾಗ ಸದಸ್ಯರು ತಪ್ಪದೆ ಕೇಳುವ ಪ್ರಶ್ನೆ ಇದು: "ಡಾಕ್ಟ್ರೇ, ಹಾಲು ಕರೆಯೋ ಯಂತ್ರ ತಗೋಬೇಕು. ಕರೆಂಟಿಂದು ತರೋದೋ, ಇಂಜಿನ್ನಿಂದೋ?" ದಿನನಿತ್ಯದ ಕೆಲಸಕ್ಕೆ ಕರೆಂಟ್ ಮೋಟಾರು, ಕರೆಂಟು ಹೋದಾಗ ಇಂಜಿನ್, ಹೀಗೆ ಎರಡಕ್ಕೂ ಬೆಲ್ಟ್ ಹಾಕಬಹುದಾದ ಯಂತ್ರವನ್ನೇ ಕೊಳ್ಳಿ ಎಂಬುದು ನನ್ನ ಸಲಹೆ.

ಕಾರಣ ಹಸುವಿನ ಮೈಯಲ್ಲೇ ಇದೆ. ಕೆಚ್ಚಲು ತೊಳೆದು ಒರೆಸಿದಾಗ ಆಕ್ಸಿಟೋಸಿನ್ ಎಂಬ ರಸದೂತ ರಕ್ತಕ್ಕೆ ಸೇರಿ ಹಾಲು ಸೊರೆಬಿಡುತ್ತದೆ. ಇದರ ಪ್ರಭಾವ 5 ರಿಂದ 8 ನಿಮಿಷ ಮಾತ್ರ. ಅಷ್ಟರೊಳಗೆ ಕರೆಂಟು ಹೋದರೆ ಪಂಪು ನಿಂತು, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಇದು ಪದೇ ಪದೇ ಆದರೆ ಇಳುವರಿ ಇಳಿಯುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಕರೆಂಟು ಹೋದ ಕೂಡಲೇ ಮೊಲೆಬಟ್ಟಲುಗಳನ್ನು ಮೆಲ್ಲಗೆ ತೆಗೆದು ಕೈಯಲ್ಲೇ ಕರೆದು ಮುಗಿಸಿ. ಇಂಜಿನ್ ಚಾಲೂ ಮಾಡುವುದು ಮುಂದಿನ ಹಸುವಿಗೆ.

ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ಸಿಗುವುದು ಕೆಲವೇ ಗಂಟೆ. ಆದ್ದರಿಂದ ಸಿಂಗಲ್ ಫೇಸ್ ಮೋಟಾರು ಅನುಕೂಲ. ವೋಲ್ಟೇಜ್ ಇಳಿದಾಗ ನಿರ್ವಾತದ ಮೀಟರಿನ ಮೇಲೆ ಕಣ್ಣಿಡಿ. ಮುಳ್ಳು ಕೆಳಗಿಳಿದರೆ ಬಟ್ಟಲುಗಳು ಜಾರುತ್ತವೆ. ಮನೆಯ ಇನ್ವರ್ಟರ್ ಇದಕ್ಕೆ ಸಾಲದು. ಮೋಟಾರು ಹೊರಡುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ.

ಇಂಜಿನ್ನನ್ನು ಮಾತ್ರ ಎಂದೂ ಕೊಟ್ಟಿಗೆಯೊಳಗೆ ಇಡಬೇಡಿ. ಪೆಟ್ರೋಲ್ ಇರಲಿ, ಡೀಸೆಲ್ ಇರಲಿ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗಾಲದಲ್ಲಿ ಗೋಣಿ, ಟಾರ್ಪಾಲು ಕಟ್ಟಿ ಮುಚ್ಚಿದ ಕೊಟ್ಟಿಗೆಯಲ್ಲಿ ಅದು ರಾಸುಗಳಿಗೂ ಕರೆಯುವವರಿಗೂ ಪ್ರಾಣಾಂತಿಕ. ಗೋದಾಮುಗಳ ಒಳಗೆ ಮೂಟೆ ಎತ್ತಲು ಬ್ಯಾಟರಿಯ ಫೋರ್ಕ್‌ಲಿಫ್ಟ್ ಬಳಸುವುದಕ್ಕೆ ಹೊಗೆಯ ಕಾಟವೂ ಒಂದು ಕಾರಣ. ಪಂಪನ್ನೂ ಇಂಜಿನ್ನನ್ನೂ ಗೋಡೆಯಾಚೆ ಕೂರಿಸಿ, ನಿರ್ವಾತದ ಪೈಪನ್ನು ಮಾತ್ರ ಒಳಕ್ಕೆ ತನ್ನಿ.

ಮೋಟಾರಿನದೂ ಒಂದು ತಂಟೆಯಿದೆ. ಒಮ್ಮೆ ಒಬ್ಬ ಸದಸ್ಯರು "ಹಸು ಹಾಲು ಇಳಿಸ್ತಿಲ್ಲ, ಒದೀತದೆ, ಔಷಧಿ ಕೊಡಿ" ಎಂದು ಕರೆಸಿದ್ದರು. ನೋಡಿದರೆ ರೋಗವೇನೂ ಇಲ್ಲ; ಮೋಟಾರಿನ ಅರ್ಥಿಂಗ್ ತಂತಿ ಕಿತ್ತುಹೋಗಿತ್ತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ಹಸುವಿಗೆ, ಚಪ್ಪಲಿ ಹಾಕಿದ ನಮಗೆ ತಿಳಿಯದಷ್ಟು ಸಣ್ಣ ಕರೆಂಟೂ ತಾಗುತ್ತದೆ. ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಸರಿಮಾಡಿಸಿದ ಮೇಲೆ ಔಷಧಿಯ ಅಗತ್ಯವೇ ಬರಲಿಲ್ಲ.

ಮೇವು ಕತ್ತರಿಸುವ ಯಂತ್ರದ ಬಗ್ಗೆಯೂ ಒಂದು ಮಾತು. ಕರೆಂಟು ಹೋಗಿ ಯಂತ್ರ ನಿಂತಾಗ, ಸಿಕ್ಕಿಕೊಂಡ ಜೋಳದ ದಂಟು ಕೀಳಲು ಕೈ ಹಾಕುವವರಿದ್ದಾರೆ. ಸ್ವಿಚ್ ಆನ್ ಇದ್ದಲ್ಲಿ ಕರೆಂಟು ಬಂದ ಕ್ಷಣವೇ ಅಲಗು ತಿರುಗುತ್ತದೆ. ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಚಕ್ರ ಪೂರ್ತಿ ನಿಂತ ಮೇಲಷ್ಟೇ ದಂಟು ತೆಗೆಯಿರಿ.