ಅಂತರ್ಜಾಲವೂ ಓದುವ ಹುರುಪೂ

“ಈಗಿನ ಹುಡುಗರು ಓದುವುದಿಲ್ಲ, ಮೊಬೈಲು ಹಿಡಿದು ಕೂರುತ್ತಾರೆ” ಎಂಬ ಮಾತನ್ನು ಹಿರಿಯರಿಂದ ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಹಾಗೆ ನೋಡಿದರೆ, ಓದುವ ಹವ್ಯಾಸ ಕನ್ನಡಿಗರಿಗೂ ತಾನಾಗಿ ಬಂದುದಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಗಳಗನಾಥರು ಮರಾಠಿಯ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಿಸಿದುದಲ್ಲದೆ, ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗನಿದ್ದಲ್ಲಿಗೆ ಪುಸ್ತಕ ಹೋಗಬೇಕು, ಅವನ ನುಡಿಯಲ್ಲಿಯೇ ಹೋಗಬೇಕು ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು.

ಅಂತಹುದೇ ಕೆಲಸವನ್ನು ಇಂದು ಅಂತರ್ಜಾಲದಲ್ಲಿ ಮಾಡುತ್ತಿರುವ ಏರ್ಪಾಡೊಂದು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದೆ. 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಎಂಬ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದೇ, ‘ಸ್ಟೋರಿವೀವರ್’ ಎಂಬ ಜಾಲತಾಣವನ್ನು ತೆರೆಯಿತು. ಮೊದಲಿಗೆ 24 ಭಾಷೆಗಳಲ್ಲಿ ಸುಮಾರು 800 ಕಥೆಗಳಿದ್ದವು. ಈಗ ಭಾಷೆಗಳೇ ಮುನ್ನೂರನ್ನು ದಾಟಿವೆ. ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಅಕ್ಷರ ಕೂಡಿಸುವ ಮಗು ಮೊದಲ ಹಂತದಲ್ಲಿ ಕಾಲಿಡುತ್ತದೆ. ಸರಾಗವಾಗಿ ಓದಬಲ್ಲವನು ನಾಲ್ಕನೆಯದಕ್ಕೆ ಹೋಗುತ್ತಾನೆ. ಕೆಲವು ಕಥೆಗಳಲ್ಲಿ ಧ್ವನಿ ಓದುತ್ತ ಹೋದಂತೆ ಆಯಾ ಪದ ಬಣ್ಣ ತಾಳುತ್ತದೆ.

ಆದರೆ ಇದರ ವಿಶೇಷ ಬಣ್ಣದಲ್ಲಿಲ್ಲ, ಪರವಾನಗಿಯಲ್ಲಿದೆ. ‘ಕ್ರಿಯೇಟಿವ್ ಕಾಮನ್ಸ್’ ಎಂಬ ಮುಕ್ತ ಪರವಾನಗಿಯಂತೆ, ಮೂಲ ಕರ್ತೃಗಳ ಹೆಸರನ್ನು ನಮೂದಿಸಿದರೆ ಸಾಕು, ಕಥೆಯನ್ನು ಯಾರು ಬೇಕಾದರೂ ಅನುವಾದಿಸಬಹುದು, ಮಾರ್ಪಡಿಸಬಹುದು, ಮುದ್ರಿಸಬಹುದು. ಓದುವವನಿಗೆ ಕೈಹಾಕುವ ಹಕ್ಕು ಉಂಟು ಎಂದಾಯಿತು. ಒಂದು ಪುಟ ಓದಿದರೆ ಒಂದು ನಕ್ಷತ್ರ ಕೊಡುವ ತಂತ್ರಾಂಶಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಮಗು ನಕ್ಷತ್ರವನ್ನು ಎಣಿಸುತ್ತದೆಯೇ ಹೊರತು ಪುಟವನ್ನಲ್ಲ ಎಂಬುದು ನನ್ನ ಅಭಿಪ್ರಾಯ.

ಪೀಣ್ಯದಲ್ಲಿ ನಾವಿರುವ ವಠಾರದ ಮಕ್ಕಳಿಗೆ ನಾನು ಸಂಜೆ ಪಾಠ ಹೇಳುತ್ತೇನೆ. ತಂದೆಯರು ಲೇತಿನ ಮೇಲೆ, ತಾಯಂದಿರು ಗಾರ್ಮೆಂಟ್ಸಿನಲ್ಲಿ ದುಡಿಯುವವರು. ಮನೆಮಾತು ಒಬ್ಬರದು ತೆಲುಗು, ಇನ್ನೊಬ್ಬರದು ತಮಿಳು, ಮತ್ತೊಬ್ಬರದು ಒಡಿಯಾ. ಕಲಬುರಗಿ ಕಡೆಯಿಂದ ಬಂದ ಹುಡುಗನೊಬ್ಬ ಕಥೆಯೊಂದನ್ನು ಓದುತ್ತ ನಡುವೆ ನಿಂತು, “ಅಣ್ಣಾ, ನಮ್ಮ ಕಡಿ ಹಿಂಗ ಅನ್ನಂಗಿಲ್ಲ” ಎಂದ. ಹಾಗಾದರೆ ನಿಮ್ಮ ಕಡೆಯ ಮಾತಿನಲ್ಲೇ ಬರೆ ಎಂದೆ. ‘ಅಮ್ಮ’ ಹೋಗಿ ‘ಅವ್ವ’ ಬಂದಳು, ‘ತಿಂಡಿ’ ಹೋಗಿ ‘ನಾಷ್ಟಾ’ ಬಂತು. ಇಷ್ಟಕ್ಕಾಗಿ ಅವನು ಮೂಲವನ್ನು ನಾಲ್ಕೈದು ಬಾರಿ ಓದಿದ. ಓದು ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಬರೆದುದನ್ನು ಆ ರಾತ್ರಿ ತಾಯಿಗೆ ಓದಿ ಹೇಳಿದನಂತೆ. ಆಕೆಗೆ ಅಕ್ಷರ ಬಾರದು. ನನ್ನ ತಾಯಿಗೂ ಬಾರದು. ಆದುದರಿಂದ ಆ ಮನೆಯಲ್ಲಿ ಅಂದು ನಡೆದುದು ಎಷ್ಟು ದೊಡ್ಡ ಸಂಗತಿಯೆಂದು ನನಗೆ ಗೊತ್ತು.

ನಮ್ಮ ಕಾಲೇಜಿನಲ್ಲಿ ಎರಡು ಮೂರು ಭಾಷೆ ಬಲ್ಲವರಿಗೆ ಕೊರತೆಯಿಲ್ಲ. ತಿಂಗಳಿಗೊಂದು ಕಥೆಯನ್ನು ಅನುವಾದಿಸುವುದು ನಮಗೆ ಭಾರವಾಗಲಾರದು. ಅಧ್ಯಾಪಕರು ತಿದ್ದಿಕೊಟ್ಟರೆ ನಮ್ಮ ಕನ್ನಡವೂ ಸುಧಾರಿಸೀತು.

ಒಂದು ತೊಡಕುಂಟು. ಮನೆಗೆ ಒಂದೇ ಮೊಬೈಲು, ಅದು ತಂದೆಯ ಜೇಬಿನಲ್ಲಿ ಪಾಳಿಗೆ ಹೋಗಿಬಿಡುತ್ತದೆ. ರಾತ್ರಿ ಮರಳಿ ಬರುವಾಗ ಅದರಲ್ಲಿ ಚಾರ್ಜೂ ಇರುವುದಿಲ್ಲ, ಡೇಟಾವೂ ಇರುವುದಿಲ್ಲ. ಇದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ, ಕಥೆಯನ್ನು ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಸೂಜಿದಾರದಿಂದ ಹೊಲಿಯುವುದು. ಹಾಗೆ ಹೊಲಿದ ಒಂದು ಪುಸ್ತಕ ವಠಾರದ ಮನೆಗಳನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ಕೊನೆಯ ಹಾಳೆ ಎಲ್ಲಿಯೋ ಕಳೆದುಹೋಗಿತ್ತು. ಕಥೆ ಹೇಗೆ ಮುಗಿಯಿತೆಂದು ಈಗ ಮಕ್ಕಳು ದಿನವೂ ನನ್ನನ್ನು ಪೀಡಿಸುತ್ತಿದ್ದಾರೆ.