ಅಧ್ಯಾಪಕನ ಅರ್ಹತೆ: ವಿಷಯಜ್ಞಾನ ಮತ್ತು ಬೋಧನಜ್ಞಾನ

ವಿಶ್ವವಿದ್ಯಾಲಯದ ಅಧ್ಯಾಪಕರ ಅರ್ಹತೆಯನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಪದವಿ ಮತ್ತು ಪರೀಕ್ಷೆಗಳ ಚರ್ಚೆಯಾಗಿಯೇ ಉಳಿದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1989ರಲ್ಲಿ ನೆಟ್ ಪರೀಕ್ಷೆಯನ್ನು ಆರಂಭಿಸಿತು. ಆಯೋಗದ 2018ರ ನಿಯಮಾವಳಿಯು ವಿಶ್ವವಿದ್ಯಾಲಯ ವಿಭಾಗಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ.ಯನ್ನು ಕಡ್ಡಾಯಗೊಳಿಸಲು ಉದ್ದೇಶಿಸಿತ್ತು. 2023ರ ತಿದ್ದುಪಡಿಯು ಆ ಕಡ್ಡಾಯವನ್ನು ಕೈಬಿಟ್ಟು, ನೆಟ್ ಅಥವಾ ರಾಜ್ಯಮಟ್ಟದ ತತ್ಸಮಾನ ಪರೀಕ್ಷೆಯನ್ನು ಕನಿಷ್ಠ ಅರ್ಹತೆಯೆಂದು ವಿಧಿಸಿತು.

ಈ ಎರಡು ಅರ್ಹತೆಗಳು ಏನನ್ನು ಅಳೆಯುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸಬೇಕು. ಪಿಎಚ್.ಡಿ. ಪದವಿಯು ಒಂದು ಸೀಮಿತ ಕ್ಷೇತ್ರದಲ್ಲಿ ಪಡೆದ ಆಳವಾದ ವಿಷಯಜ್ಞಾನಕ್ಕೆ ಸಾಕ್ಷಿ. ನೆಟ್ ಪರೀಕ್ಷೆಯು ವಿಷಯದ ಹರಹನ್ನು ಅಳೆಯುತ್ತದೆ. ಆದರೆ 2012ರ ಜೂನ್‌ನಿಂದ ಅದರ ಪ್ರಶ್ನೆಗಳೆಲ್ಲವೂ ಬಹು ಆಯ್ಕೆಯವು. ಅದರ ಮೊದಲ ಪತ್ರಿಕೆಯಲ್ಲಿ ಬೋಧನ ಸಾಮರ್ಥ್ಯದ ಪ್ರಶ್ನೆಗಳಿವೆ. ಆದರೆ ಆ ಪತ್ರಿಕೆ ಕನ್ನಡದವರಿಗೂ ಅರ್ಥಶಾಸ್ತ್ರದವರಿಗೂ ಒಂದೇ.

ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಗುರುತಿಸಿದ ಕೊರತೆ ಇದೇ ಬಗೆಯದು. ವಿಷಯಜ್ಞಾನ ಮತ್ತು ಸಾಮಾನ್ಯ ಬೋಧನಕೌಶಲ ಇವೆರಡಕ್ಕಿಂತ ಭಿನ್ನವಾದ ಇನ್ನೊಂದು ಜ್ಞಾನವುಂಟು. ಆಯಾ ವಿಷಯದಲ್ಲಿ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ, ಯಾವ ನಿದರ್ಶನದಿಂದ ಅವನನ್ನು ದಾಟಿಸಬೇಕು ಎಂಬ ತಿಳಿವಳಿಕೆಯೇ ಅದು.

ಹೊರನಾಡಿನಲ್ಲಿ ಹಳಗನ್ನಡವನ್ನು ಬೋಧಿಸುವವರಿಗೆ ಇದರ ಅರ್ಥ ಸುಲಭವಾಗಿ ಹೊಳೆಯುತ್ತದೆ. ಹಳಗನ್ನಡದ 'ಪಾಲ್' ಇಂದು 'ಹಾಲು' ಆಗಿದೆ; ಪಕಾರವು ಹಕಾರವಾದ ಈ ನಿಯಮವನ್ನು ಪದವೀಧರರೆಲ್ಲರೂ ಬಲ್ಲರು. ಆದರೆ ಮರಾಠಿ ಮಾಧ್ಯಮದಲ್ಲಿ ಓದಿದ ಮುಂಬಯಿಯ ವಿದ್ಯಾರ್ಥಿ, ಮನೆಮಾತಿನಲ್ಲಿ ಕೇಳಿದ 'ಪಾಲು' ಶಬ್ದವನ್ನು ನೆನೆದು ಅದನ್ನು ಹಂಚಿಕೆಯ ಅರ್ಥದಲ್ಲಿ ಗ್ರಹಿಸಬಹುದು. ಚೆನ್ನೈಯವನಿಗೆ ತಮಿಳಿನ 'ಪಾಲ್', ಹೈದರಾಬಾದಿನವನಿಗೆ ತೆಲುಗಿನ 'ಪಾಲು' ಹಾಲಿನ ಅರ್ಥವನ್ನೇ ಕೊಡುತ್ತವೆ. ಹಾಗೆಯೇ 'ಬಾೞ್' ಶಬ್ದದ ೞಕಾರ ಮುಂಬಯಿಯವನಿಗೆ ಮೃತಾಕ್ಷರ. ತಮಿಳು ಬಲ್ಲವನಿಗೆ 'ವಾೞ್' ಎಂಬಲ್ಲಿ ದಿನವೂ ಕೇಳುವ ಧ್ವನಿ. ಪಾಠ ಒಂದೇ, ಪ್ರವೇಶದ್ವಾರಗಳು ಬೇರೆ ಬೇರೆ. ಯಾವ ಬಾಗಿಲನ್ನು ಯಾರಿಗೆ ತೆರೆಯಬೇಕೆಂಬುದನ್ನು ಯಾವ ಪ್ರಮಾಣಪತ್ರವೂ ಹೇಳುವುದಿಲ್ಲ.

ಇದರಿಂದ ವಿಷಯಜ್ಞಾನ ಗೌಣವೆಂದು ಭಾವಿಸಬಾರದು. ಧ್ವನಿ ವ್ಯತ್ಯಾಸದ ನಿಯಮವನ್ನೇ ಅರಿಯದವನು ಮೂರು ಭಾಷೆಗಳನ್ನು ಬಲ್ಲವನಾದರೂ ದಾರಿ ತೋರಿಸಲಾರ. ಪಾಂಡಿತ್ಯ ಅನಿವಾರ್ಯ, ಬೋಧನೆಗೆ ಅದೊಂದೇ ಸಾಲದು.

ಆಯ್ಕೆಯ ಸಂದರ್ಭದಲ್ಲಿ ತರಗತಿಯ ಉಪನ್ಯಾಸದ ಮೂಲಕ ಬೋಧನ ಸಾಮರ್ಥ್ಯವನ್ನು ಅಳೆಯಲು ಆಯೋಗದ 2018ರ ನಿಯಮಾವಳಿಯೇ ಅವಕಾಶವಿತ್ತಿದೆ. ಆ ಉಪನ್ಯಾಸ ತಜ್ಞರ ಮುಂದೆ ಮಾತ್ರ ನಡೆಯದೆ, ಆಯಾ ನಗರದ ವಿದ್ಯಾರ್ಥಿಗಳ ಮುಂದೆ ನಡೆಯಬೇಕೆಂಬುದು ನಮ್ಮ ಸೂಚನೆ. ವಿದ್ಯಾರ್ಥಿಗಳು ವಿರಳವಾಗಿರುವ ಹೊರನಾಡ ಕನ್ನಡ ವಿಭಾಗಗಳಲ್ಲಿ ಹಳಗನ್ನಡಕ್ಕೆ ಹೆದರಿ ಹಿಂದೆ ಸರಿಯುವ ಒಬ್ಬೊಬ್ಬ ವಿದ್ಯಾರ್ಥಿಯೂ ವಿಭಾಗದ ಅಳಿವು ಉಳಿವಿನ ಪ್ರಶ್ನೆಯಾಗುತ್ತಾನೆ.